ಹೊಲದ ಬದುವಿನಲ್ಲಿ ನವಿಲು ಮೊಟ್ಟೆ ಇಟ್ಟಿದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಮ್ಮದು ಶಿರಾ ತಾಲ್ಲೂಕಿನ ಒಂದು ಹಳ್ಳಿ. ಈ ಸಲ ಎರಡು ಎಕರೆ ಕಡಲೆಕಾಯಿ ಹಾಕಿದ್ದೇವೆ. ಕಳೆದ ವಾರ ಬದುವಿನ ಮೇಲೆ ಹುಲ್ಲು ಕೊಯ್ಯಲು ಹೋದಾಗ ಲಂಟಾನ ಪೊದೆಯ ಬುಡದಿಂದ ಒಂದು ಹೆಣ್ಣು ನವಿಲು ದಡಬಡನೆ ಎದ್ದು ಹಾರಿತು. ಎರಡು ಮಾರು ಹತ್ತಿರ ಹೋಗುವವರೆಗೂ ಅದು ಅಲ್ಲಿದೆ ಅಂತಲೇ ಗೊತ್ತಾಗಿರಲಿಲ್ಲ. ಬಗ್ಗಿ ನೋಡಿದರೆ ಐದು ಮೊಟ್ಟೆ. ಒಂದನ್ನು ಕೈಯಲ್ಲಿ ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟೆ. ಮನುಷ್ಯರ ಕೈ ಸೋಕಿದ ಮೊಟ್ಟೆಗೆ ತಾಯಿ ವಾಪಸ್ ಬರಲ್ಲ ಅಂತ ಅಮ್ಮ ಬೈದರು. ನಮ್ಮ ಮನೆಯಲ್ಲಿ ಒಂದು ಹೇಂಟೆ ಕಾವಿಗೆ ಕೂತಿದೆ, ಅದರ ಕೆಳಗೆ ಇಟ್ಟುಬಿಡು ಅಂತ ಪಕ್ಕದ ಹೊಲದ ಮಾವ ಹೇಳುತ್ತಿದ್ದಾರೆ. ಇನ್ನೊಂದು ವಾರದಲ್ಲಿ ಎಡೆಕುಂಟೆ ಹೊಡೆಯಬೇಕು. ನಾಯಿ ಬೇರೆ ನಮ್ಮ ಹಿಂದೆಯೇ ಹೊಲಕ್ಕೆ ಬರುತ್ತದೆ. ಗಂಡು ನವಿಲು ಸುತ್ತಮುತ್ತ ಎಲ್ಲೂ ಕಾಣುತ್ತಿಲ್ಲ. ಗಂಡಿನ ಕಣ್ಣೀರು ಕುಡಿದು ಹೆಣ್ಣು ಬಸಿರಾಗುತ್ತೆ ಅನ್ನೋದು ನಿಜವಾ? ಮೊಟ್ಟೆ ಉಳಿಸಬೇಕು ಅಂತ ಆಸೆ, ಆದರೆ ಅರಣ್ಯ ಇಲಾಖೆಯವರಿಂದ ತೊಂದರೆ ಆಗಬಹುದು ಅನ್ನೋ ಭಯವೂ ಇದೆ. ಮರಿಯಾದ ಮೇಲೆ ಬದು ಸವರಬಹುದಾ? ದಯವಿಟ್ಟು ತಿಳಿಸಿ.

ಉತ್ತರ: ಮೊದಲು ನಿಮ್ಮ ಅಮ್ಮನಿಗೆ ಒಂದು ಮಾತು ಹೇಳಿ. ನೀವು ಒಂದು ಸಲ ಮುಟ್ಟಿದ್ದರಿಂದ ಗೂಡು ಹಾಳಾಗಿಲ್ಲ. ಇಷ್ಟು ಹೊತ್ತಿಗೆ ತಾಯಿ ವಾಪಸ್ ಬಂದು ಕೂತಿರುವ ಸಾಧ್ಯತೆಯೇ ಜಾಸ್ತಿ. ಆದರೆ ಹೌದೋ ಅಲ್ಲವೋ ಅಂತ ನೋಡಲು ಈಗ ಎದ್ದು ಹೋಗಬೇಡಿ. ಇವತ್ತಿನ ಮಟ್ಟಿಗೆ ಅದರಷ್ಟು ದೊಡ್ಡ ಉಪಕಾರ ಬೇರೆ ಇಲ್ಲ.

ನೀವು ಕೇಳಿದ್ದು ಹಲವು ಪ್ರಶ್ನೆ. ಬುಡದಲ್ಲಿರುವ ಚಿಂತೆ ಮಾತ್ರ ಒಂದೇ: ಹೊಲದ ಕೆಲಸವೂ ನಿಲ್ಲಬಾರದು, ಮೊಟ್ಟೆಯೂ ಉಳಿಯಬೇಕು. ಎರಡೂ ಆಗುತ್ತದೆ. ಗೂಡನ್ನು ಎಲ್ಲಿಗೂ ಸಾಗಿಸದೆ, ನಿಮ್ಮ ಕೆಲಸವನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಂಡರೆ ಸಾಕು.

ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ನಾವು ಮುಟ್ಟಿದ ವಾಸನೆ ಹಿಡಿದು ಮೊಟ್ಟೆ ಬಿಟ್ಟುಹೋಗುವ ಅಭ್ಯಾಸ ನವಿಲಿಗಿಲ್ಲ. ಅದು ಹೆದರುವುದು ನಿಮ್ಮ ಓಡಾಟಕ್ಕೆ. ಆ ಹೆದರಿಕೆಯೂ ಎಲ್ಲ ದಿನ ಒಂದೇ ಥರ ಇರುವುದಿಲ್ಲ. ಮೊಟ್ಟೆ ಇಡುತ್ತಿರುವ ದಿನಗಳಲ್ಲಿ ಒಂದೆರಡು ಸಲ ಎಬ್ಬಿಸಿದರೂ ಹೆಣ್ಣು ಆ ಜಾಗದ ಆಸೆ ಬಿಟ್ಟುಬಿಡಬಹುದು. ಕಾವಿಗೆ ಕೂತು ದಿನ ಕಳೆದಷ್ಟೂ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನೀವು ಬರೆದ ಒಂದು ಸಾಲು ನನಗೆ ಬಹಳ ಮುಖ್ಯ ಅನಿಸಿತು. ಎರಡು ಮಾರು ಹತ್ತಿರ ಬರುವವರೆಗೂ ಅದು ಏಳಲಿಲ್ಲ ಅಂದಿರಿ. ಇಡುವ ಹಂತದ ಹೆಣ್ಣು ಹೀಗೆ ಕೂರುವುದು ಕಡಿಮೆ. ಅದು ಬಂದು, ಇಟ್ಟು, ಹೊರಟುಹೋಗುತ್ತದೆ. ನಿಮ್ಮ ಹೊಲದ ನವಿಲು ಕಾವು ಶುರು ಮಾಡಿದೆ ಅಂತಲೇ ನನ್ನ ಲೆಕ್ಕ.

ಮುಟ್ಟಬಾರದು ಅನ್ನುವುದಕ್ಕೆ ಕಾರಣ ಬೇರೆ ಇದೆ. ನೀವು ಗೂಡಿನವರೆಗೆ ನಡೆದುಹೋದರೆ ಹುಲ್ಲು ತುಳಿದು ದಾರಿಯಾಗುತ್ತದೆ. ಮುಂಗುಸಿ, ನಾಯಿ, ನರಿ ಆ ಜಾಡು ಹಿಡಿದು ಬರಬಹುದು. ಕಾಗೆಗೆ ಮೂಸುವ ಕಷ್ಟವೂ ಬೇಡ. ಮರದ ಮೇಲೆ ಕೂತು, ನೀವು ಎಲ್ಲಿ ಬಗ್ಗಿದಿರಿ, ಎಲ್ಲಿಂದ ನವಿಲು ಎದ್ದಿತು ಅಂತ ನೋಡಿಕೊಂಡಿರುತ್ತದೆ. ತಾಯಿ ಇಲ್ಲದ ಹತ್ತು ನಿಮಿಷ ಅದಕ್ಕೆ ಸಾಕು. ನಿಮ್ಮ ಅಮ್ಮ ಹೇಳಿದ ಕಾರಣ ಸರಿಯಿಲ್ಲದಿದ್ದರೂ ಮುಟ್ಟಬೇಡ ಅಂದಿದ್ದು ಸರಿಯೇ.

ಕಣ್ಣೀರಿನ ಮಾತಿಗೆ ಬರೋಣ. ಅದು ನಿಜವಲ್ಲ. 2017ರಲ್ಲಿ ನ್ಯಾಯಾಧೀಶರೊಬ್ಬರು ಇದೇ ಮಾತನ್ನು ಟಿವಿಯವರ ಮುಂದೆ ಹೇಳಿ ದೇಶವೆಲ್ಲ ಸುದ್ದಿಯಾಗಿತ್ತು. ಹಾಗಾಗಿ ನೀವು ಕೇಳಿದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಊರ ಕೋಳಿ ಹೇಗೆ ಕೂಡುತ್ತದೋ ನವಿಲೂ ಹಾಗೆಯೇ ಕೂಡುತ್ತದೆ. ಗಂಡು ಹೆಣ್ಣಿನ ಬೆನ್ನೇರುತ್ತದೆ, ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಗರಿ ಬಿಚ್ಚಿ ಕುಣಿಯುವುದು ಮಾತ್ರ ಎಷ್ಟೋ ಹೊತ್ತು ನಡೆಯುತ್ತದೆ, ದೂರದಿಂದಲೂ ಕಾಣುತ್ತದೆ. ಹಾಗಾಗಿ ಕುಣಿತವನ್ನು ಎಲ್ಲರೂ ನೋಡಿರುತ್ತಾರೆ, ಕೂಡುವುದನ್ನು ನೋಡಿದವರು ಕಡಿಮೆ. ಇನ್ನೊಂದು ವಿಷಯವೂ ಇದೆ. ಕೋಳಿ ಜಾತಿಯ ಹೆಣ್ಣುಗಳು ಗಂಡಿನ ವೀರ್ಯವನ್ನು ಮೈಯೊಳಗೆ ಕೆಲವು ದಿನ ಇಟ್ಟುಕೊಂಡು ಒಂದೊಂದೇ ಮೊಟ್ಟೆಗೆ ಬಳಸಿಕೊಳ್ಳಬಲ್ಲವು. ಪ್ರತಿ ಮೊಟ್ಟೆಗೂ ಗಂಡು ಬೇಕಿಲ್ಲ. ಗಂಡೇ ಕಾಣದೆ ಮೊಟ್ಟೆ ಕಂಡಾಗ ಜನ ತಮಗೆ ತೋಚಿದ ಕಾರಣ ಹುಡುಕಿಕೊಂಡಿದ್ದಾರೆ, ಅಷ್ಟೆ.

ಗಂಡು ಯಾಕೆ ಕಾಣುತ್ತಿಲ್ಲ ಅನ್ನುವುದಕ್ಕೂ ಇದರಲ್ಲೇ ಉತ್ತರವಿದೆ. ಗಂಡು ನವಿಲು ಗೂಡು ಕಾಯುವುದಿಲ್ಲ, ಕಾವು ಕೊಡುವುದಿಲ್ಲ, ಮರಿ ಸಾಕುವುದೂ ಇಲ್ಲ. ತನ್ನ ಕುಣಿಯುವ ಜಾಗ ಬಿಟ್ಟು ಅದು ಬರುವುದಿಲ್ಲ. ಬಂದವರಲ್ಲಿ ಒಪ್ಪಿದ ಹೆಣ್ಣುಗಳ ಜೊತೆ ಕೂಡುತ್ತದೆ. ಆಮೇಲಿನದೆಲ್ಲ ಹೆಣ್ಣಿನ ಪಾಲು. ಗಂಡು ಹತ್ತಿರ ಇಲ್ಲದಿರುವುದು ಗೂಡಿಗೆ ಒಳ್ಳೆಯದೇ. ಅಷ್ಟು ಹೊಳೆಯುವ ಮೈ ಹೊತ್ತು ಪೊದೆಯ ಪಕ್ಕದಲ್ಲಿ ಓಡಾಡಿದರೆ ಎಲ್ಲರಿಗೂ ಗೂಡು ತೋರಿಸಿಕೊಟ್ಟ ಹಾಗೆ. ಹೆಣ್ಣಿನ ಕಂದು ಬೆನ್ನು ಒಣ ಎಲೆ, ಮಣ್ಣಿನ ಜೊತೆ ಎಷ್ಟು ಬೆರೆತುಹೋಗುತ್ತದೆ ಅಂತ ನೀವೇ ನೋಡಿದ್ದೀರಿ.

ಇನ್ನು ಈ ಹಕ್ಕಿಯ ವರ್ಷ ಹೇಗೆ ಸಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಅದು ಗೊತ್ತಿದ್ದರೆ ನಿಮಗೆ ದಿನ ಲೆಕ್ಕ ಹಾಕುವುದು ಸುಲಭ. ನಮ್ಮ ಕಡೆ ಬೇಸಿಗೆ ಮಳೆ ಶುರುವಾಗುವ ಹೊತ್ತಿಗೆ ಗಂಡುಗಳ ಕೂಗು, ಕುಣಿತ ಜೋರಾಗುತ್ತದೆ. ಮಳೆ ಬಂತು ಅನ್ನುವ ಖುಷಿಗೆ ಕುಣಿಯುವುದಲ್ಲ ಅದು, ಹೆಣ್ಣನ್ನು ಕರೆಯುವುದು. ಮುಂಗಾರು ಹಿಡಿದುಕೊಂಡ ಮೇಲೆ ಮೊಟ್ಟೆ ಇಡುವುದಕ್ಕೆ ಒಂದು ಲೆಕ್ಕಾಚಾರ ಇದೆ. ಮರಿಗೆ ಮೊದಲ ವಾರಗಳಲ್ಲಿ ಕಾಳು ಸಾಲದು. ಬೆಳೆಯಲು ಹುಳ ಹುಪ್ಪಟೆ ಬೇಕು. ಮಳೆ ಬಿದ್ದ ಮೇಲೆ ಗೆದ್ದಲು, ಮಿಡತೆ, ಕಂಬಳಿಹುಳ ಎಲ್ಲ ಏಳುತ್ತವಲ್ಲ, ಮರಿಗಳು ಹೊರಗೆ ಬರುವುದೂ ಆಗಲೇ. ಮಳೆಗಾಲದ ಕೊನೆಗೆ ಗಂಡಿನ ಉದ್ದ ಗರಿಗಳೆಲ್ಲ ಉದುರಿಹೋಗುತ್ತವೆ. ಬೇಸಿಗೆ ಹತ್ತಿರವಾಗುವಷ್ಟರಲ್ಲಿ ಮತ್ತೆ ಬಂದಿರುತ್ತವೆ. ಕಾಡುಕೋಳಿ, ಗೌಜಲಹಕ್ಕಿ, ಲಾವಕ್ಕಿ ಎಲ್ಲ ನವಿಲಿನ ಕುಟುಂಬದವೇ. ಇವೆಲ್ಲವೂ ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳು. ಹೊರದೇಶಗಳಲ್ಲಿ ಹೆಸರಾದ ಫೆಸೆಂಟ್ ಕೂಡ ಇದೇ ಮನೆತನದ್ದು. ಅದು ಒಂದೇ ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆ ಇಡುವುದು ಸಾಮಾನ್ಯ. ನವಿಲು ಇಡುವುದು ಸಾಮಾನ್ಯವಾಗಿ ನಾಲ್ಕರಿಂದ ಆರು, ಕೆಲವು ಸಲ ಎಂಟರವರೆಗೆ. ಹಾಗಾಗಿ ನವಿಲಿಗೆ ಒಂದೊಂದು ಮೊಟ್ಟೆಯೂ ಲೆಕ್ಕಕ್ಕೆ ಬರುತ್ತದೆ.

ಗೂಡು ಅಂದರೆ ದೊಡ್ಡ ಕಟ್ಟೋಣ ಏನಲ್ಲ. ಕಾಲಿನಿಂದ ಕೆದರಿದ ಒಂದು ತಗ್ಗು, ಅದರಲ್ಲಿ ಒಂದಿಷ್ಟು ಒಣ ಎಲೆ, ಕಡ್ಡಿ. ಮೊಟ್ಟೆ ಮಾಸಲು ಬಿಳಿ, ನಾಟಿ ಕೋಳಿ ಮೊಟ್ಟೆಯ ಎರಡರಷ್ಟು ತೂಕ. ದಿನಕ್ಕೊಂದು ಇಡುವುದಿಲ್ಲ, ಸಾಮಾನ್ಯವಾಗಿ ದಿನ ಬಿಟ್ಟು ದಿನ. ಐದು ಮೊಟ್ಟೆ ಅಂದರೆ ಇಡುವುದಕ್ಕೇ ಒಂಬತ್ತು ಹತ್ತು ದಿನ ಹಿಡಿದಿರುತ್ತದೆ. ಅಷ್ಟು ದಿನ ಮೊಟ್ಟೆಗಳು ತಣ್ಣಗೆ ಬಿದ್ದಿದ್ದರೂ ಏನೂ ಆಗುವುದಿಲ್ಲ. ಒಳಗೆ ಬೆಳವಣಿಗೆ ಶುರುವಾಗುವುದು ಬಿಸಿ ತಾಗಿದ ಮೇಲೆ. ಕೊನೆಯ ಮೊಟ್ಟೆ ಇಟ್ಟ ಮೇಲೆ ತಾಯಿ ಒಂದೇ ಸಮನೆ ಕೂರುತ್ತದೆ, ಅದಕ್ಕೇ ಎಲ್ಲ ಮರಿಗಳೂ ಹೆಚ್ಚು ಕಮ್ಮಿ ಒಟ್ಟಿಗೆ ಹೊರಬರುತ್ತವೆ. ಊರ ಕೋಳಿಗೆ 21 ದಿನದ ಕಾವು. ನವಿಲಿಗೆ ಸುಮಾರು 28 ದಿನ.

ಅಂದರೆ ನೀವು ನೋಡಿದ ದಿನವೇ ಕಾವು ಶುರುವಾಗಿತ್ತು ಅಂತ ಇಟ್ಟುಕೊಂಡರೂ ಅಲ್ಲಿಂದ ನಾಲ್ಕು ವಾರ. ಅದರಲ್ಲಿ ಒಂದು ವಾರ ಈಗಾಗಲೇ ಕಳೆದಿದೆ. ಕಾವು ಮೊದಲೇ ಶುರುವಾಗಿದ್ದರೆ ಇನ್ನೂ ಕಡಿಮೆ. ನಿಮ್ಮ ಬೆಳೆಯ ಲೆಕ್ಕ ಇದರ ಪಕ್ಕ ಇಟ್ಟು ನೋಡಿ. ಕಡಲೆಕಾಯಿ ಹೂವಾಗಿ ಕಾಯಿ ಕಚ್ಚುವ ಹೊತ್ತಿಗೆ ನೀವು ಹೇಗೂ ಎಡೆಕುಂಟೆ ನಿಲ್ಲಿಸುತ್ತೀರಿ, ಮಣ್ಣು ಕದಲಿಸುವ ಹಾಗಿಲ್ಲ. ಹಾಗಾಗಿ ಗೂಡಿಗೂ ನಿಮ್ಮ ಕೆಲಸಕ್ಕೂ ತಿಕ್ಕಾಟ ಬರುವುದು ಈ ಒಂದು ಸುತ್ತಿನಲ್ಲಿ ಮಾತ್ರ, ಅದೂ ಹೊಲದ ಒಂದು ಅಂಚಿನಲ್ಲಿ.

ಆ ಅಂಚನ್ನು ಬಿಟ್ಟುಬಿಡಿ. ಪೊದೆಯಿಂದ ಹೊಲದ ಒಳಕ್ಕೆ ಹತ್ತು ಹನ್ನೆರಡು ಹೆಜ್ಜೆ, ಬದುವಿನ ಮೇಲೆ ಎರಡೂ ಕಡೆ ಅಷ್ಟಷ್ಟೇ. ಅಲ್ಲಿ ಕುಂಟೆ ಬೇಡ, ಹುಲ್ಲು ಕೊಯ್ಯುವುದು ಬೇಡ, ಕಳೆನಾಶಕ ಬೇಡ. ಅಷ್ಟರಲ್ಲಿ ಕಳೆ ಬೆಳೆಯುತ್ತದೆ, ನಿಜ. ಒಂದಿಷ್ಟು ಇಳುವರಿ ಹೋಗುತ್ತದೆ, ಅದೂ ನಿಜ. ಎರಡು ಎಕರೆಯಲ್ಲಿ ಅದು ನಿಮಗೆ ಭಾರವಾಗಲಾರದು ಅಂದುಕೊಂಡಿದ್ದೇನೆ. ಉಳಿದ ಹೊಲದಲ್ಲಿ ಧಾರಾಳವಾಗಿ ಕೆಲಸ ಮಾಡಿ. ಕೂತ ಹಕ್ಕಿ ಹಾದುಹೋಗುವವರನ್ನು ಸಹಿಸಿಕೊಳ್ಳುತ್ತದೆ. ನಿಂತು ತನ್ನ ಕಡೆಯೇ ನೋಡುವವರನ್ನು ಸಹಿಸುವುದಿಲ್ಲ. ಎತ್ತು, ಕುಂಟೆ, ಮಾತಾಡುತ್ತ ಸಾಲು ಹಿಡಿದು ಹೋಗುವ ಆಳುಗಳಿಗೆ ಅದು ಸುಮ್ನೆ ತಲೆ ತಗ್ಗಿಸಿ ಕೂತಿರುತ್ತದೆ. ಗೂಡಿನ ಕಡೆಯ ಸಾಲುಗಳನ್ನು ಒಂದೇ ಉಸಿರಿಗೆ ಮುಗಿಸಿ ಆಚೆ ಹೋಗಿ. ಬುತ್ತಿ ಬಿಚ್ಚುವುದು, ಎತ್ತು ಬಿಡುವುದು ಹೊಲದ ಇನ್ನೊಂದು ತುದಿಯಲ್ಲಿ ಇರಲಿ. ಮಳೆ ಸುರಿಯುವಾಗ, ನೆತ್ತಿ ಸುಡುವ ಬಿಸಿಲಿನಲ್ಲಿ ಆ ಕಡೆ ಸುಳಿಯಬೇಡಿ. ಕಾವು ಶುರುವಾದ ಮೊಟ್ಟೆ ನೆನೆದು ತಣ್ಣಗಾದರೂ ಕಷ್ಟ, ಬಿಸಿಲಿಗೆ ಕಾದರೂ ಕಷ್ಟ.

ಕೂಲಿಯವರಿಗೆ ಗೊತ್ತಾಗಲಿ ಅಂತ ಪೊದೆಗೆ ಬಟ್ಟೆ ಕಟ್ಟುವುದು, ಪಕ್ಕದಲ್ಲಿ ಕೋಲು ನೆಡುವುದು ಮಾಡಬೇಡಿ. ಕಾಗೆಗೂ ಅದೇ ಗುರುತು. ಗುರುತು ಬೇಕಿದ್ದರೆ ಬಿಟ್ಟ ಜಾಗದ ಹೊರಗಿನ ಅಂಚಿನಲ್ಲಿ, ಸಾಲಿನ ತುದಿಯಲ್ಲಿ ಹಾಕಿ. ಸುತ್ತ ಬಲೆ ಕಟ್ಟುವ ಯೋಚನೆ ಹಲವರಿಗೆ ಬರುತ್ತದೆ. ಬಲೆಯಲ್ಲಿ ತಾಯಿಯೇ ಸಿಕ್ಕಿಕೊಳ್ಳಬಹುದು, ಇಲ್ಲವೇ ಹೊಸ ವಸ್ತು ನೋಡಿ ಒಳಗೆ ಬರದೇ ಇರಬಹುದು. ಇನ್ನು ಮೊಟ್ಟೆಯನ್ನು ನಾಲ್ಕು ಮಾರು ಆಚೆ ಇಡೋಣ ಅನ್ನುವುದಂತೂ ಬೇಡವೇ ಬೇಡ. ಹಕ್ಕಿ ಗುರುತಿಟ್ಟುಕೊಂಡಿರುವುದು ಆ ಜಾಗವನ್ನು. ಖಾಲಿ ತಗ್ಗಿಗೆ ಬಂದು ನೋಡಿ ಹೊರಟುಹೋಗುತ್ತದೆ.

ನಾಯಿ ವಿಷಯ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಈ ನಾಲ್ಕು ವಾರ ಅದನ್ನು ಮನೆಯಲ್ಲಿ ಕಟ್ಟಿಹಾಕಿ. ನಮ್ಮ ಚಿಕಿತ್ಸಾ ಕೇಂದ್ರಕ್ಕೆ ಮಳೆಗಾಲದಲ್ಲಿ ಬರುವ ನವಿಲು ಮರಿಗಳನ್ನು ನೋಡಿದರೆ, ನಾಯಿ ಬಾಯಿಗೆ ಸಿಕ್ಕವು ಮತ್ತೆ ಮತ್ತೆ ಬರುತ್ತವೆ. ಮೇಲೆ ಗಾಯ ಚಿಕ್ಕದಾಗಿ ಕಾಣುತ್ತದೆ, ಗರಿ ಸರಿಸಿ ನೋಡಿದರೆ ಹಲ್ಲಿನ ತೂತು ಒಳಗೆ ಹೋಗಿರುತ್ತದೆ. ಅಂಥ ಮರಿ ಉಳಿಸುವುದು ತುಂಬ ಕಷ್ಟ. ಮುಂಗುಸಿ, ಉಡ, ಕಾಡುಬೆಕ್ಕು ಹೊಟ್ಟೆಗಾಗಿ ತಿನ್ನುವ ಪ್ರಾಣಿಗಳು. ಅವನ್ನು ನೀವು ತಡೆಯಲಾರಿರಿ, ತಡೆಯಬೇಕಾಗಿಯೂ ಇಲ್ಲ. ನಾಯಿ ಮಾತ್ರ ನಿಮ್ಮ ಕೈಯಲ್ಲಿದೆ.

ಈಗ ಹೇಂಟೆಯ ಮಾತು. ಮಾವ ಹೇಳಿದ್ದು ಕಾಳಜಿಯಿಂದಲೇ. ಹೇಂಟೆಯ ಕೆಳಗೆ ನವಿಲು ಮೊಟ್ಟೆ ಮರಿಯಾಗುವುದಿಲ್ಲ ಅಂತ ನಾನು ಹೇಳುವುದಿಲ್ಲ, ಆಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಮೊಟ್ಟೆಯಿಂದ ಬಂದ ಮರಿ ಕಣ್ಣೆದುರು ಕಂಡ ತಾಯಿಯನ್ನೇ ತನ್ನ ಜಾತಿ ಅಂತ ಕಲಿಯುತ್ತದೆ. ಕೋಳಿಯ ಹಿಂದೆ, ಮನುಷ್ಯರ ಕಾಲ ಸಂದಿಯಲ್ಲಿ ಬೆಳೆದ ನವಿಲಿಗೆ ನಾಯಿ ಅಂದರೆ ಭಯವಿರುವುದಿಲ್ಲ, ಮರದ ಮೇಲೆ ರಾತ್ರಿ ಕಳೆಯುವುದನ್ನು ತೋರಿಸಿಕೊಡುವ ತಾಯಿಯೂ ಇರುವುದಿಲ್ಲ. ಅದನ್ನು ಕಾಡಿಗೆ ಬಿಡುವ ಹಾಗೂ ಇಲ್ಲ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ. ರೋಗದ ಮಾತೂ ಇದೆ. ಕೋಳಿ ಓಡಾಡುವ ಹಿತ್ತಲ ಮಣ್ಣಿನಲ್ಲಿ ಜಂತುಹುಳದ ಮೊಟ್ಟೆಗಳಿರುತ್ತವೆ. ಅವುಗಳ ಮೂಲಕ ಕರುಳು, ಪಿತ್ತಜನಕಾಂಗಕ್ಕೆ ಹತ್ತುವ ಒಂದು ಪರಾವಲಂಬಿ ರೋಗ ಬರುತ್ತದೆ. ಕೋಳಿ ಅದನ್ನು ತಡೆದುಕೊಂಡು ಆರಾಮಾಗಿ ಓಡಾಡಿಕೊಂಡಿದ್ದರೂ ನವಿಲು ಮರಿ ಸಾಯಬಹುದು. ರಾಣಿಖೇತ್ ಅಂತಲೂ ಕರೆಯುವ ಕೊಕ್ಕರೆ ರೋಗವೂ ಕೋಳಿಯಿಂದ ನವಿಲಿಗೆ ಹರಡಬಲ್ಲದು.

ಇದೆಲ್ಲದರ ಮೇಲೆ ಕಾನೂನು. 1963ರಲ್ಲಿ ನವಿಲನ್ನು ರಾಷ್ಟ್ರಪಕ್ಷಿ ಅಂತ ಘೋಷಿಸಿದ್ದು ನಿಮಗೆ ಗೊತ್ತಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನವಿಲು ಮೊದಲನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಹಕ್ಕಿಯನ್ನು ಕೊಲ್ಲುವುದಷ್ಟೇ ಅಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಲಿಸುವುದು ಕೂಡ ಅದರಲ್ಲಿ ಬರುತ್ತದೆ. ಈ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ದಂಡ. ಉಳಿಸೋಣ ಅಂತ ಮನೆಗೆ ತಂದ ಮೊಟ್ಟೆಯೂ ನಿಮ್ಮನ್ನು ತೊಂದರೆಗೆ ಸಿಕ್ಕಿಸಬಹುದು.

ಹಾಗಂತ ಹೆದರಬೇಡಿ. ನಿಮ್ಮ ಹೊಲದಲ್ಲಿ ನವಿಲು ಗೂಡು ಮಾಡಿದ್ದು ನಿಮ್ಮ ತಪ್ಪಲ್ಲ. ಗೂಡು ಇದೆ ಅಂತ ಹೊಲದ ಹಕ್ಕು ಎಲ್ಲೂ ಹೋಗುವುದಿಲ್ಲ. ಗೂಡನ್ನು ಅದರ ಪಾಡಿಗೆ ಬಿಟ್ಟಿದ್ದರೆ ಇಲಾಖೆಯವರಿಗೆ ಹೇಳಲು ಅಂಜಿಕೆ ಯಾಕೆ? ತಾಯಿಯನ್ನು ನಾಯಿ ಕೊಂದಿತು, ಕುಂಟೆಗೆ ಸಿಕ್ಕಿ ಗೂಡು ಚದುರಿತು, ಹೀಗೆ ಏನಾದರೂ ಆದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ವಲಯ ಅರಣ್ಯಾಧಿಕಾರಿಗೆ ತಿಳಿಸಿ. ಮೊಟ್ಟೆ ಎತ್ತಬೇಕೋ ಬೇಡವೋ ಅವರು ತೀರ್ಮಾನ ಮಾಡಲಿ. ಗೂಡಿನ ಫೋಟೋ ತೆಗೆದಿದ್ದರೆ ಊರಿನ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ನೋಡಲು ಬರುವವರ ಜೊತೆ ಕದಿಯಲು ಬರುವವರೂ ಬರುತ್ತಾರೆ.

ತಾಯಿ ನಿಜವಾಗಿ ಬಿಟ್ಟುಹೋಗಿದೆಯಾ ಅಂತ ತಿಳಿಯುವುದು ಹೇಗೆ? ಒಂದು ಸಲ ಗೂಡು ಖಾಲಿ ಕಂಡರೆ ಏನೂ ಅರ್ಥವಿಲ್ಲ. ಮೇಯಲು, ನೀರು ಕುಡಿಯಲು ದಿನಕ್ಕೆ ಒಂದೆರಡು ಸಲ ಎದ್ದುಹೋಗುವುದು ಸಹಜ. ನೋಡಲೇಬೇಕು ಅನಿಸಿದರೆ ದೂರದ ಬದುವಿನಿಂದ, ಬೇರೆ ಬೇರೆ ಹೊತ್ತಿನಲ್ಲಿ ನೋಡಿ. ಸಂಜೆ ಕತ್ತಲಾಗುವ ಮುಂಚೆ ಕೂತಿರುವುದು ಕಂಡರೆ ಮತ್ತೆ ಯೋಚಿಸಬೇಡಿ. ಒಂದು ವೇಳೆ ಈ ಮೊಟ್ಟೆಗಳು ಉಡದ ಪಾಲಾದರೂ, ಮಳೆಗಾಲ ಇನ್ನೂ ಉಳಿದಿದ್ದರೆ ಹೆಣ್ಣು ಬೇರೆ ಕಡೆ ಮತ್ತೆ ಇಡುವ ಸಾಧ್ಯತೆ ಇರುತ್ತದೆ.

ಎಲ್ಲ ಸರಿಹೋದರೆ ಕೊನೆಯ ಒಂದೆರಡು ದಿನ ಮೊಟ್ಟೆಯೊಳಗಿಂದಲೇ ಮರಿ ಸಣ್ಣಗೆ ಕೂಗುತ್ತದೆ, ತಾಯಿಯೂ ಮೆಲ್ಲಗೆ ಉತ್ತರ ಕೊಡುತ್ತದೆ. ಆಗ ಎಬ್ಬಿಸಿದರೆ ಅನ್ಯಾಯ. ಮರಿಗಳು ಹೊರಬಂದು, ಮೈ ಒಣಗಿದ ಮೇಲೆ, ಒಂದು ದಿನದ ಒಳಗೇ ತಾಯಿ ಅವನ್ನು ಕರೆದುಕೊಂಡು ಗೂಡು ಬಿಡುತ್ತದೆ. ನೀವು ಹೋಗಿ ನೋಡುವಷ್ಟರಲ್ಲಿ ಬರೀ ಚಿಪ್ಪು ಇರುತ್ತದೆ. ಆ ಚಿಪ್ಪು ನೋಡಿದರೆ ಏನಾಯಿತು ಅಂತ ಗೊತ್ತಾಗುತ್ತದೆ. ಮರಿ ತಾನಾಗಿ ಹೊರಬಂದಿದ್ದರೆ ದಪ್ಪ ತುದಿಯ ಸುತ್ತ ಕತ್ತರಿಸಿದಂತೆ ಒಡೆದು, ಮುಚ್ಚಳದ ಹಾಗೆ ಒಂದು ತುಂಡು ಬೇರೆಯಾಗಿರುತ್ತದೆ. ಒಳಗಿನ ಪೊರೆ ಒಣಗಿ ಕಾಗದದಂತೆ ಬಿಟ್ಟುಕೊಂಡಿರುತ್ತದೆ. ಮುಂಗುಸಿಯೋ ಕಾಗೆಯೋ ತಿಂದಿದ್ದರೆ ಚಿಪ್ಪು ಅಡ್ಡಾದಿಡ್ಡಿ ಒಡೆದು, ಅಂಟು ಅಂಟು ಲೋಳೆ ಹತ್ತಿಕೊಂಡಿರುತ್ತದೆ.

ಮರಿಗಳು ಹುಟ್ಟುವಾಗಲೇ ರೆಕ್ಕೆಗರಿ ಮೊಳೆತಿರುತ್ತದೆ. ಒಂದೆರಡು ವಾರದಲ್ಲಿ ತಕ್ಕಮಟ್ಟಿಗೆ ಹಾರುತ್ತವೆ, ಆಮೇಲೆ ರಾತ್ರಿ ಮರದ ಕೊಂಬೆಯ ಮೇಲೆ ತಾಯಿಯ ರೆಕ್ಕೆಯಡಿ. ಅಲ್ಲಿಯವರೆಗೆ ನೆಲದಲ್ಲೇ ಇರಬೇಕು. ನನಗೆ ಮೊಟ್ಟೆಗಿಂತ ಚಿಂತೆ ಜಾಸ್ತಿ ಈ ಎರಡು ವಾರದ್ದೇ. ತಾಯಿ ಹುಳ ಹಿಡಿದು ಕೊಕ್ಕಿನಲ್ಲಿ ಎತ್ತಿ ತೋರಿಸುತ್ತದೆ, ಮರಿ ಅಲ್ಲಿಂದಲೇ ಕುಕ್ಕಿಕೊಳ್ಳುತ್ತದೆ. ನೀವು ಆ ಹೊತ್ತಿನಲ್ಲಿ ಕೀಟನಾಶಕ ಹೊಡೆದರೆ ಹುಳವೇ ಇರುವುದಿಲ್ಲ, ಇಲ್ಲವೇ ವಿಷ ತಾಗಿದ ಹುಳ ಮರಿಯ ಬಾಯಿಗೆ ಹೋಗುತ್ತದೆ. ಹೊಡೆಯಲೇಬೇಕಾದ ಪರಿಸ್ಥಿತಿ ಬಂದರೆ ಬದುವಿಗೆ ಅಂಟಿಕೊಂಡ ನಾಲ್ಕೈದು ಸಾಲು ಬಿಟ್ಟು ಹೊಡೆಯಿರಿ. ಮುಂದಿನ ಬಿತ್ತನೆಗೂ ಒಂದು ಮಾತು: ಔಷಧಿ ಹಚ್ಚಿದ ಬೀಜ ಮಣ್ಣಿನ ಮೇಲೆ ಉಳಿಯದಂತೆ ಮುಚ್ಚಿ. ಅಂಥ ಬೀಜ ತಿಂದು ನವಿಲು ಸಾಯುವುದನ್ನು ನಾವು ನೋಡುತ್ತಲೇ ಇದ್ದೇವೆ.

ಒಂಟಿ ಮರಿ ಕಂಡರೆ ಎತ್ತಿಕೊಂಡು ಬರಬೇಡಿ. ತಾಯಿ ಎಚ್ಚರಿಕೆ ಕೂಗು ಕೊಟ್ಟಾಗ ಮರಿಗಳು ಇದ್ದಲ್ಲೇ ಹುಲ್ಲಿಗೆ ಅಂಟಿ ಕೂರುತ್ತವೆ, ಅಲ್ಲಾಡುವುದಿಲ್ಲ. ನೋಡಿದವರಿಗೆ ತಾಯಿ ಇಲ್ಲದ ಮರಿ ಅನಿಸುತ್ತದೆ. ನೀವು ದೂರ ಸರಿದರೆ ತಾಯಿ ಬರುತ್ತದೆ. ಗಾಯವಾಗಿದ್ದರೆ ಮಾತ್ರ ರಟ್ಟಿನ ಡಬ್ಬಿಯಲ್ಲಿ, ಕತ್ತಲೆ ಮತ್ತು ಬೆಚ್ಚಗೆ ಇರುವಂತೆ ಇಟ್ಟು, ಬಾಯಿಗೆ ನೀರು ಹಾಲು ಹಾಕದೆ 1926ಕ್ಕೆ ಕರೆ ಮಾಡಿ.

ಬದು ಸವರುವ ವಿಷಯ ಕೇಳಿದ್ದೀರಿ. ಮರಿ ಹೋದ ಮೇಲೆ ಆ ಗೂಡಿಗೆ ಅವು ಮತ್ತೆ ಬರುವುದಿಲ್ಲ. ಆದರೂ ಕಡಲೆಕಾಯಿ ಕೀಳುವವರೆಗೆ ಬದು ಹಾಗೇ ಇರಲಿ, ಮರಿಗಳಿಗೆ ಓಡಿ ಅಡಗಲು ಅದೇ ಜಾಗ. ಗಿಡ ಕೀಳುವಾಗಲೂ ಬದುವಿಗೆ ದೂರದ ಕಡೆಯಿಂದ ಶುರು ಮಾಡಿ ಬದುವಿನ ಕಡೆಗೆ ಬನ್ನಿ. ನಾಲ್ಕೂ ಕಡೆಯಿಂದ ಕಿತ್ತುಕೊಂಡು ಬಂದರೆ ಮರಿಗಳು ನಡುವಿನ ತುಣುಕಿನಲ್ಲಿ ಸಿಕ್ಕಿಕೊಳ್ಳುತ್ತವೆ. ಲಂಟಾನ ತೆಗೆಯಲೇಬೇಕು ಅಂತಿದ್ದರೆ ಸುಗ್ಗಿ ಮುಗಿದ ಮೇಲೆ, ಚಳಿಗಾಲದಲ್ಲಿ ತೆಗೆಯಿರಿ. ಬೆಂಕಿ ಹಾಕಬೇಡಿ, ಕಡಿದು ತೆಗೆಯಿರಿ, ಮತ್ತು ಒಂದೇ ವರ್ಷ ಪೂರ್ತಿ ಬೋಳು ಮಾಡದೆ ಅರ್ಧ ಈ ವರ್ಷ, ಅರ್ಧ ಮುಂದಿನ ವರ್ಷ ಮಾಡಿ. ಏಪ್ರಿಲ್ ಬಂದ ಮೇಲೆ ಮಾತ್ರ ಬದುವಿಗೆ ಕೈ ಹಾಕಬೇಡಿ. ಗೌಜಲಹಕ್ಕಿ ಅಷ್ಟು ಹೊತ್ತಿಗಾಗಲೇ ಅಲ್ಲಿ ಮೊಟ್ಟೆ ಇಟ್ಟಿರಬಹುದು.